ಕಾರ್ಬನ್ ಫೈಬರ್ ಅಷ್ಟು ಗಟ್ಟಿ ಅಂದ್ಮೇಲೆ ಇಷ್ಟೊಂದು ಚೆಕಿಂಗ್ ಯಾಕೆ?

ಪ್ರಶ್ನೆ:
ಬೋಯಿಂಗ್ 787 ವಿಮಾನದ ತೂಕದಲ್ಲಿ ಸುಮಾರು 50% ಕಾಂಪೋಸಿಟೇ ಅಂತೆ, ಅಂದ್ರೆ ಕಾರ್ಬನ್ ಫೈಬರ್ ಥರದ ಎಳೆಗಳನ್ನ ರೆಸಿನ್ ಅನ್ನೋ ಅಂಟಲ್ಲಿ ಕೂಡಿಸಿ ಮಾಡಿದ್ದು. ಅಲ್ಯೂಮಿನಿಯಂಗಿಂತ ಹಗುರ, ಗಟ್ಟಿ, ತುಕ್ಕೂ ಹಿಡಿಯಲ್ಲ ಅಂತಾರೆ. ಹಂಗಿದ್ಮೇಲೆ ರೆಕ್ಕೆ ಪಾರ್ಟನ್ನೆಲ್ಲ ಅಲ್ಟ್ರಾಸೌಂಡ್ ಹಾಕಿ ಇಂಚಿಂಚೂ ನೋಡೋದ್ಯಾಕೆ? ಒಳಗೆ ಏನಾದ್ರೂ ಮುಚ್ಚಿಡ್ತಿದಾರಾ?

ಉತ್ತರ 1:
ಮುಚ್ಚಿಡೋದೇನಿಲ್ಲ ಮಾರಾಯ್ರೆ. ಅಲ್ಯೂಮಿನಿಯಂ ಶೀಟು ಮಿಲ್‌ನಿಂದ್ಲೇ ಟೆಸ್ಟ್ ಆಗಿ ಬರುತ್ತೆ, ಇಲ್ಲಿ ಹಂಗಲ್ಲ, ಪಾರ್ಟ್ ಮಾಡುವಾಗ್ಲೇ ಮೆಟೀರಿಯಲ್ಲೂ ತಯಾರಾಗೋದು. ಪ್ರಿಪ್ರೆಗ್ ಅಂದ್ರೆ ರೆಸಿನ್ ಹಿಡಿಸಿದ ಫೈಬರ್ ಹಾಳೆ, ಮೈನಸ್ 18 ಡಿಗ್ರಿ ಫ್ರೀಜರಲ್ಲಿ ಇಟ್ಟಿರ್ತಾರೆ, ಆಚೆ ತೆಗೆದ ಕ್ಷಣದಿಂದ ಗಂಟೆ ಲೆಕ್ಕ ಶುರು. ಪದರದ ಮೇಲೆ ಪದರ ಹಾಸಿ, ವ್ಯಾಕ್ಯೂಮ್ ಬ್ಯಾಗ್ ಹಾಕಿ ಗಾಳಿ ಎಳೆದು, ಆಟೋಕ್ಲೇವಲ್ಲಿ (ದೊಡ್ಡ ಪ್ರೆಶರ್ ಕುಕ್ಕರ್ ಥರದ ಒಲೆ) 180 ಡಿಗ್ರಿ ಹತ್ರ, 6-7 ಬಾರ್ ಪ್ರೆಶರಲ್ಲಿ ಕ್ಯೂರ್ ಮಾಡ್ತಾರೆ, ಅಂದ್ರೆ ರೆಸಿನ್ ಗಟ್ಟಿ ಮಾಡ್ತಾರೆ. ಬ್ಯಾಗ್ ಎಲ್ಲೋ ಒಂಚೂರು ಲೀಕಾದ್ರೂ ಗಾಳಿಗುಳ್ಳೆ ಒಳಗೇ ಉಳ್ಕೊಂಡ್ಬಿಡುತ್ತೆ. 1% ಗುಳ್ಳೆ ಹೆಚ್ಚಾದ್ರೆ ಪದರಗಳ ನಡುವಿನ ಶಿಯರ್ ಸ್ಟ್ರೆಂತ್ (ಒಂದರ ಮೇಲೊಂದು ಜಾರದಂಗೆ ಹಿಡಿದಿಡೋ ಶಕ್ತಿ) ಹೆಚ್ಚುಕಮ್ಮಿ 7% ಇಳಿಯುತ್ತೆ. ಮೇಲ್ಮೈ ಮಾತ್ರ ಕನ್ನಡಿ ಥರ ಹೊಳೀತಿರುತ್ತೆ!

ಉತ್ತರ 2:
ಲೇಅಪ್ ರೂಮಲ್ಲಿ, ಅಂದ್ರೆ ಈ ಪದರ ಹಾಸೋ ರೂಮಲ್ಲಿ, ಕೆಲಸ ಮಾಡಿದವನು ನಾನು. ಪ್ರತಿ ಪದರಕ್ಕೂ ಒಂದು ಬ್ಯಾಕಿಂಗ್ ಫಿಲ್ಮ್ ಇರುತ್ತೆ, ಅದನ್ನ ಕಿತ್ತು ಎಣಿಸಿಡಬೇಕು, ಒಳಗೆ ಒಂದು ಚೂರು ಉಳಿದ್ರೂ ಆ ಜಾಗ ಅಂಟೋದೇ ಇಲ್ಲ. ಒಂದಿನ ಎಣಿಸಿದ್ರೆ ಒಂದು ಕಮ್ಮಿ. ಬೆಳಗ್ಗಿಂದ ಹಾಸಿದ್ದನ್ನೆಲ್ಲ ಒಂದೊಂದಾಗಿ ಎಬ್ಬಿಸಿ ನೋಡಿದ್ವಿ, ಮೆಟೀರಿಯಲ್ ಪೂರ್ತಿ ವೇಸ್ಟು, ಕೊನೆಗೆ ನೋಡಿದ್ರೆ ಆ ಫಿಲ್ಮ್ ನಮ್ಮವನೊಬ್ಬನ ಶೂ ಅಡಿಗೆ ಅಂಟ್ಕೊಂಡು ಕೂತಿತ್ತು. ಫೈಬರ್ ತಪ್ಪು ಮಾಡಲ್ಲ ಸ್ವಾಮಿ, ತಪ್ಪೆಲ್ಲ ನಮ್ಮ ಕೈಯಿಂದ್ಲೇ.

ಪ್ರಶ್ನೆ ಕೇಳಿದವರು:
ಹಹ್ಹ ಶೂ! ಸರಿ, ಚೆನ್ನಾಗೇ ಮಾಡಿದ್ರು ಅನ್ಕೊಳಿ, ಹಾರೋಕೆ ಶುರುವಾದ್ಮೇಲೆ ಏಟು ಬಿದ್ರೆ?

ಉತ್ತರ 3:
ಇರೋ ತಲೆನೋವೇ ಅದು. ಮೆಟಲ್ ಮೇಲೆ ಸ್ಪ್ಯಾನರ್ ಬಿದ್ರೆ ತಗ್ಗು ಬಿದ್ದು ಗೊತ್ತಾಗುತ್ತೆ, ಇದ್ರಲ್ಲಿ ಮೇಲೆ ಏನೂ ಕಾಣದೆ ಒಳಗೊಳಗೇ ಪದರ ಬಿಟ್ಟಿರುತ್ತೆ. ಎಳೆದ್ರೆ ಅಷ್ಟೇನೂ ಆಗಲ್ಲ, ಆದ್ರೆ ಒತ್ತಡ ಬಿದ್ರೆ ಬಿಟ್ಟ ಪದರ ಬಾಗಿ ಅಗಲ ಆಗ್ತಾ ಹೋಗುತ್ತೆ. ಹಂಗಂತ ಹೆದ್ರಬೇಡಿ, ಕಣ್ಣಿಗೆ ಬೀಳದಂಥ ಏಟು ಇದ್ದೇ ಇರುತ್ತೆ ಅನ್ಕೊಂಡೇ, ಹಾರಾಟದಲ್ಲಿ ಬರೋ ಗರಿಷ್ಠ ಲೋಡಿನ ಒಂದೂವರೆ ಪಟ್ಟು ತಡೀಬೇಕು ಅಂತ ಡಿಸೈನ್ ಮಾಡಿರ್ತಾರೆ. 2010ರಲ್ಲಿ 787 ರೆಕ್ಕೆಗೆ ಅಷ್ಟು ಲೋಡ್ ಕೊಟ್ಟಾಗ ಸುಮಾರು 7.6 ಮೀಟರ್ ಮೇಲಕ್ಕೆ ಬಗ್ಗಿತ್ತು, ಮುರೀಲಿಲ್ಲ.

ಉತ್ತರ 2:
ಅನುಮಾನ ಬಂದ್ರೆ ನಾವು ಮೊದ್ಲು ನಾಣ್ಯದಲ್ಲೇ ತಟ್ಟೋದು. ಟಣ್ ಅಂದ್ರೆ ಸರಿ ಇದೆ, ದಬ್ ಅಂದ್ರೆ ಮಾರ್ಕರ್ ತಗೊಂಡು ಸುತ್ತ ಗೆರೆ ಹಾಕಿ ಅಲ್ಟ್ರಾಸೌಂಡ್‌ನವರನ್ನ ಕರೀತೀವಿ.