ರಿಲೀಫ್ ಪಿಚರ್ ರಿವೆರಾಗೆ ನೂರಕ್ಕೆ ನೂರು ಓಟು, ಸರಿನಾ?

ಜರ್ಸಿ_ಕನ್ನಡಿಗ:
ಈ ವರ್ಷ ಆಫೀಸಿನವರ ಜೊತೆ ಬೇಸ್‌ಬಾಲ್ ನೋಡೋದು ಶುರು ಮಾಡಿದ್ದೇನೆ. ಇಲ್ಲಿ ಯಾಂಕೀಸ್ ತಂಡದ ಅಭಿಮಾನಿಗಳು ಅವರ ಹಳೆಯ ರಿಲೀಫ್ ಪಿಚರ್ (ಪಂದ್ಯದ ಮಧ್ಯೆ ಬದಲಿಯಾಗಿ ಬಂದು ಚೆಂಡೆಸೆಯುವವನು) ಮರಿಯಾನೊ ರಿವೆರಾ ಹೆಸರು ಬಂದರೆ ಕೈ ಮುಗಿಯುತ್ತಾರೆ. 2019ರಲ್ಲಿ ಹಾಲ್ ಆಫ್ ಫೇಮ್‌ಗೆ (ಪತ್ರಕರ್ತರು ಓಟು ಹಾಕಿ ಆರಿಸುವ ದಿಗ್ಗಜರ ಗೌರವ ಪಟ್ಟಿ) 425ಕ್ಕೆ 425 ಓಟೂ ಅವನಿಗೇ ಬಿತ್ತು, ಹಳೇ ಕಾಲದ ದಂತಕಥೆ ಬೇಬ್ ರೂತ್‌ಗೂ ಹಾಗೆ ಬಿದ್ದಿರಲಿಲ್ಲ. ಆದರೆ 19 ಸೀಸನ್‌ನಲ್ಲಿ ಅವನು ಹಾಕಿದ್ದು ಹತ್ತಿರ ಹತ್ತಿರ 1,284 ಇನಿಂಗ್ಸ್ (ಇಲ್ಲಿ ಮೂರು ಔಟ್ ಆದರೆ ಒಂದು ಇನಿಂಗ್ಸ್, ಪಂದ್ಯಕ್ಕೆ ಒಂಬತ್ತು). ಪಂದ್ಯ ಶುರು ಮಾಡುವ ಪಿಚರ್ (ಸ್ಟಾರ್ಟರ್) ಗ್ರೆಗ್ ಮ್ಯಾಡಕ್ಸ್ 5,000 ದಾಟಿದವನು, ಅವನಿಗೂ ಪೂರ್ತಿ ಓಟು ಇಲ್ಲ. ಕೊನೆಗೆ ಬಂದು ಮೂರು ಔಟ್ ಮಾಡಿ ಹೋಗುವವನಿಗೆ ಇಷ್ಟೊಂದು ಮರ್ಯಾದೆ ಯಾಕೆ?

ಬಾಲ್‌ಪಾರ್ಕ್_ಭಟ್ಟ:
ಇನಿಂಗ್ಸ್ ಲೆಕ್ಕ ಹಾಕಿದರೆ ಬುಮ್ರಾ ಟಿ20ಯಲ್ಲಿ ಹಾಕೋದೂ ನಾಲ್ಕೇ ಓವರ್, ಅಲ್ವಾ? ಯಾವಾಗ ಹಾಕುತ್ತಾನೆ ಅನ್ನೋದು ನೋಡಿ. ಸಾಮಾನ್ಯವಾಗಿ ತಂಡ ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುಂದಿದ್ದಾಗ ಬಂದು, ಕೊನೆಯ ಇನಿಂಗ್ಸ್ ಹಾಕಿ ಗೆಲ್ಲಿಸಿಕೊಟ್ಟರೆ ಒಂದು ಸೇವ್. ರಿವೆರಾದು 652, ಅದೇ ದಾಖಲೆ.
ಮಜಾ ಏನಂದ್ರೆ ಅವನು 1995ರಲ್ಲಿ ಬಂದದ್ದು ಸ್ಟಾರ್ಟರ್ ಆಗಿ, ಚೆನ್ನಾಗಿ ಹೊಡೆಸಿಕೊಂಡ. 1996ರಲ್ಲಿ ಕ್ಲೋಸರ್ (ಕೊನೆಗೆ ಬಂದು ಪಂದ್ಯ ಮುಗಿಸುವ ಪಿಚರ್) ವೆಟ್‌ಲ್ಯಾಂಡ್‌ಗಿಂತ ಮುಂಚೆ ಬಂದು ಹಾಕುತ್ತಿದ್ದ, 1997ರಲ್ಲಿ ಆ ಜಾಗ ಅವನದೇ ಆಯಿತು. ಅದೇ ವರ್ಷ ಕಟರ್ (ಕೊನೆ ಕ್ಷಣದಲ್ಲಿ ಎಡಗೈ ಬ್ಯಾಟರ್ ಕಡೆಗೆ ಸರಿಯುವ ವೇಗದ ಎಸೆತ) ಕೈಗೆ ಸಿಕ್ಕಿತು. ಆಮೇಲೆ ಹೆಚ್ಚುಕಮ್ಮಿ ಆ ಒಂದೇ ಎಸೆತದಲ್ಲಿ ಸಂಸಾರ ನಡೆಸಿದ. ಬರೋದು ಕಟರ್ ಅಂತ ಬ್ಯಾಟರ್‌ಗೂ ಗೊತ್ತು, ಆದ್ರೂ ಎಡಗೈ ಬ್ಯಾಟರ್‌ಗಳ ಬ್ಯಾಟ್ ಮುರಿಯುತ್ತಿತ್ತು. ಪ್ಲೇಆಫ್‌ನಲ್ಲಿ 141 ಇನಿಂಗ್ಸ್ ಹಾಕಿ ಕೊಟ್ಟದ್ದು ಬರೀ 11 ಅರ್ನ್ಡ್ ರನ್ (ಫೀಲ್ಡರ್ ತಪ್ಪಿಲ್ಲದೆ ಪಿಚರ್ ಲೆಕ್ಕಕ್ಕೇ ಬರುವ ರನ್).

ಸೀದಾ_ಮಾತು:
ಎಲ್ಲ ಸರಿ ಭಟ್ರೇ, 2001 ಮಾತ್ರ ಹೇಳೋದೇ ಇಲ್ಲ ನೀವು. ವರ್ಲ್ಡ್ ಸೀರೀಸ್ (ಸೀಸನ್‌ನ ಫೈನಲ್ ಸರಣಿ) ಏಳನೇ, ಕೊನೇ ಪಂದ್ಯ, ಅರಿಜೋನಾದಲ್ಲಿ, ಯಾಂಕೀಸ್ 2-1 ಮುಂದೆ, ಒಂಬತ್ತನೇ ಇನಿಂಗ್ಸ್, ಚೆಂಡು ಇವನ ಕೈಯಲ್ಲಿ. ಬಂಟ್ (ಬ್ಯಾಟರ್ ಮೆಲ್ಲಗೆ ತಟ್ಟಿದ ಚೆಂಡು) ಹಿಡಿದು ಸೆಕೆಂಡ್ ಬೇಸ್‌ಗೆ ಅಡ್ಡಾದಿಡ್ಡಿ ಎಸೆದ. ಆಮೇಲೆ ಅರಿಜೋನಾದ ವೊಮ್ಯಾಕ್ ಡಬಲ್ (ಸೆಕೆಂಡ್ ಬೇಸ್‌ವರೆಗೆ ಓಡಿಸುವ ಹೊಡೆತ) ಹೊಡೆದು ಸಮ ಮಾಡಿದ. ಕೊನೆಗೆ ಲೂಯಿಸ್ ಗೊಂಜಾಲೆಸ್‌ನ ಪುಸಕ್ಕನೆ ಎದ್ದ ಹೊಡೆತ, ಮುಂದೆ ಬಂದು ನಿಂತಿದ್ದ ಯಾಂಕೀಸ್ ಫೀಲ್ಡರ್ ಜೀಟರ್ ತಲೆ ಮೇಲೆ ಹೋಗಿ ಬಿತ್ತು. ಕಪ್ ಹೋಯಿತು.

ಬಾಲ್‌ಪಾರ್ಕ್_ಭಟ್ಟ:
ಅದೂ ಕಟರೇ ಸ್ವಾಮಿ. ಎಸೆತ ಚೆನ್ನಾಗೇ ಇತ್ತು, ಬ್ಯಾಟ್‌ನ ಹಿಡಿಯ ಹತ್ತಿರ ತಾಗಿತು. ಫೀಲ್ಡರ್‌ಗಳು ಮಾಮೂಲಿ ಜಾಗದಲ್ಲಿ ಇದ್ದಿದ್ದರೆ ಅದು ಸುಲಭದ ಕ್ಯಾಚ್. ಕ್ಲೋಸರ್ ಕೆಲಸವೇ ಹಾಗೆ, ತಪ್ಪಿದರೆ ಸರಿಮಾಡೋಕೆ ಇನ್ನೊಂದು ಇನಿಂಗ್ಸ್ ಸಿಗಲ್ಲ. 2012ರಲ್ಲಿ ಅಭ್ಯಾಸದ ವೇಳೆ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ, ಆಗಲೇ 42 ವಯಸ್ಸು. ಬೇರೆಯವರಾಗಿದ್ದರೆ ಮನೆಗೆ ಹೋಗುತ್ತಿದ್ದರು. ಇವನು 2013ರಲ್ಲಿ ಬಂದು ಇನ್ನೂ 44 ಸೇವ್ ಮಾಡಿ ಆಮೇಲೆ ಹೋದ.

ಎಡಗೈ_ರಾಯ:
ರಿವೆರಾ ಒಬ್ಬನನ್ನೇ ನೋಡಿ ರಿಲೀಫ್ ಪಿಚರ್‌ಗಳಿಗೆ ಜಾಸ್ತಿ ಮರ್ಯಾದೆ ಅನ್ನಬೇಡಿ. ಇನ್ನೊಬ್ಬ ಕ್ಲೋಸರ್ ಬಿಲ್ಲಿ ವ್ಯಾಗ್ನರ್ ಹುಟ್ಟಿದ್ದು ಬಲಗೈಯವನಾಗಿ. ಚಿಕ್ಕವನಿದ್ದಾಗ ಆ ಕೈ ಮುರಿದು ಎಡಗೈಯಲ್ಲಿ ಎಸೆಯೋದು ಕಲಿತ. 422 ಸೇವ್ ಇದ್ದರೂ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು 2025ರಲ್ಲಿ, ಓಟಿನ ಹತ್ತನೇ ವರ್ಷ, ಅದೂ ಕೊನೇ ಅವಕಾಶ. ಅವನ ವಿರುದ್ಧ ಹೇಳುತ್ತಿದ್ದ ದೊಡ್ಡ ಕಾರಣ ನೀವು ಕೇಳಿದ್ದೇ: ಇನಿಂಗ್ಸ್ ಕಡಿಮೆ.