ಸಹಾಯ ಬೇಕು: ಬೆಳಕು ಸೂಸುವ ಫುಲ್ಲರೀನ್ ಲಿಕ್ವಿಡ್ ಕ್ರಿಸ್ಟಲ್ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಸೆಮಿನಾರ್‌ಗೆ ಈ ವಿಷಯ ತೆಗೆದುಕೊಂಡಿದ್ದೇನೆ. ಗೊತ್ತಿರುವವರು ದಯವಿಟ್ಟು ಸಹಾಯ ಮಾಡಿ.

ಬರೀ ಸಿ60 (60 ಇಂಗಾಲದ ಪರಮಾಣುಗಳ ಚೆಂಡಿನಂಥ ಫುಲ್ಲರೀನ್ ಅಣು) ಬೆಳಕು ಸೂಸುವುದು ತೀರಾ ಕಡಿಮೆ. ಬೆಳಕು ಹೀರಿದ ಅಣು ಬಹಳ ಬೇಗ ಟ್ರಿಪ್ಲೆಟ್ ಸ್ಥಿತಿಗೆ (ಸುಲಭವಾಗಿ ಬೆಳಕು ಹೊರಬಿಡದ ಸ್ಥಿತಿಗೆ) ಜಾರಿಬಿಡುತ್ತದೆ. ಇಷ್ಟು ಅರ್ಥವಾಗಿದೆ. ಆದರೆ ಚೆಂಡಿನಂಥ ಆ ಅಣುವಿನ ಮೇಲ್ತುದಿಗೆ ಐದು, ಕೆಳತುದಿಗೆ ಐದು ಪರಮಾಣು ಗುಂಪು ಸೇರಿಸಿದರೆ ನಡುವೆ 40 ಪೈ ಎಲೆಕ್ಟ್ರಾನ್‌ಗಳ (ಜೋಡಿ ಬಂಧಗಳ ಎಲೆಕ್ಟ್ರಾನ್‌ಗಳ) ಪಟ್ಟಿ ಉಳಿಯುತ್ತದೆ. ಅದು ಹಳದಿ ಬೆಳಕು ಕೊಡುತ್ತದೆ! ಟೋಕಿಯೊದ ರಸಾಯನ ವಿಜ್ಞಾನಿ ನಕಾಮುರಾ ಅವರ ತಂಡ 2003ರಲ್ಲಿ ಇದನ್ನು ತೋರಿಸಿತು. ಆಮೇಲೆ ಇಂಥ ಅಣುಗಳಿಗೆ ಉದ್ದನೆಯ ಬಾಲಗಳನ್ನು ಜೋಡಿಸಿ ಬೆಳಕು ಸೂಸುವ ಲಿಕ್ವಿಡ್ ಕ್ರಿಸ್ಟಲ್ (ದ್ರವದಂತೆ ಹರಿದರೂ ಅಣುಗಳು ಒಂದು ಕ್ರಮದಲ್ಲಿರುವ ವಸ್ತು) ಕೂಡ ಮಾಡಿದರು. ಎಷ್ಟು ಚೆಂದದ ಕೆಲಸ ಅಲ್ವಾ?

ನನ್ನ ಪ್ರಶ್ನೆ ಇದು. ಅಣುಗಳು ಒತ್ತೊತ್ತಾಗಿ ಕೂತರೆ ಸಾಮಾನ್ಯವಾಗಿ ಬೆಳಕು ಕುಂದುತ್ತದೆ. ಇಲ್ಲಿ ಸುತ್ತಲಿನ ಗುಂಪುಗಳೇ ನಡುವಿನ ಪಟ್ಟಿಗಳನ್ನು ದೂರ ಇಡುತ್ತವೆಯೇ? ಯಾರಾದರೂ ಚಿತ್ರ ಬರೆದು ವಿವರಿಸಿದರೆ ತುಂಬಾ ಉಪಕಾರ.

ಇನ್ನೊಂದು ಕೋರಿಕೆ. ಹಾಟ್ ಸ್ಟೇಜ್ (ಸ್ಯಾಂಪಲ್ ಬಿಸಿ ಮಾಡುವ ತಟ್ಟೆ) ಇರುವ ಪೋಲರೈಸಿಂಗ್ ಮೈಕ್ರೋಸ್ಕೋಪ್ (ಧ್ರುವೀಕೃತ ಬೆಳಕಿನಲ್ಲಿ ನೋಡುವ ಸೂಕ್ಷ್ಮದರ್ಶಕ) ದಾವಣಗೆರೆ, ಚಿತ್ರದುರ್ಗ ಕಡೆ ಎಲ್ಲಾದರೂ ನೋಡಲು ಸಿಗುತ್ತದೆಯೇ? ಫುಲ್ಲರೀನ್ ಸ್ಯಾಂಪಲ್ಲೇ ಬೇಕು ಅಂತಿಲ್ಲ. ಲಿಕ್ವಿಡ್ ಕ್ರಿಸ್ಟಲ್ ಆಗುವ ಕೊಲೆಸ್ಟೆರಿಲ್ ಬೆಂಜೊಯೇಟ್ ಸಾಕು. ಸುಮಾರು 145 ಡಿಗ್ರಿಗೆ ಮಸುಕಾಗಿ ಕರಗಿ, 178ರ ಹತ್ತಿರ ತಿಳಿಯಾಗುವುದನ್ನು ಕಣ್ಣಾರೆ ನೋಡಬೇಕು. ಸುಮ್ನೆ ಪುಸ್ತಕದಲ್ಲಿ ಓದಿದರೆ ಸಮಾಧಾನವಿಲ್ಲ. ಬೆಂಗಳೂರಿಗೂ ಬರಲು ಸಿದ್ಧ. ತಟ್ಟೆಯಾಕಾರದ ಅಣುಗಳ ಲಿಕ್ವಿಡ್ ಕ್ರಿಸ್ಟಲ್ 1977ರಲ್ಲಿ ಪತ್ತೆಯಾಗಿದ್ದು ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ. ಅಲ್ಲಿ ಯಾರನ್ನು ಕೇಳಬೇಕು, ಹೇಗೆ ಪತ್ರ ಬರೆಯಬೇಕು ಅಂತ ತಿಳಿಸಿದರೂ ಸಾಕು.