ಅಪ್‌ಡೇಟ್: ಎಕ್ಸ್‌ರೇಯಲ್ಲಿ ಕಾಣದ ಭುಜದ ನೋವಿಗೂ ಕೋರ್ಟಿನಲ್ಲಿ ಪರಿಹಾರದ ಹಣ ಸಿಕ್ಕಿತು

ಬೈಕ್ ಅಪಘಾತ ಆದಮೇಲೆ ಅಣ್ಣನ ಭುಜದ ಸ್ನಾಯು ನೋವು ಎರಡು ವರ್ಷವಾದರೂ ಹೋಗಿಲ್ಲ, ಮೂಳೆ ಮುರಿದಿಲ್ಲ, ಕೋರ್ಟಿಗೆ ಹೇಗೆ ತೋರಿಸೋದು ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಮೊನ್ನೆ ತೀರ್ಪು ಬಂತು.

ಎಂಆರ್‌ಐ ಮಾಡಿಸಿ ಅಂದಿದ್ದಿರಿ. ಮಾಡಿಸಿದೆವು, ಅದರಲ್ಲೂ ಏನೂ ಕಾಣಲಿಲ್ಲ. ಕೆಲಸಕ್ಕೆ ಬಂದದ್ದು ಡಾಕ್ಟರನ್ನೇ ಸಾಕ್ಷಿಗೆ ಕರೆಸಿ ಅನ್ನೋ ಸಲಹೆ. ಕೈ ಎಷ್ಟು ಮೇಲೆ ಹೋಗುತ್ತೆ, ಎಲ್ಲಿ ಒತ್ತಿದರೆ ನೋವು, ಎಲ್ಲಾ ಬಿಡಿಸಿ ಹೇಳಿದರು. ಫಿಸಿಯೋಥೆರಪಿ ಚೀಟಿಗಳನ್ನು ಅತ್ತಿಗೆ ಒಂದೂ ಬಿಡದೆ ಸೀರೆ ಕವರಿನಲ್ಲಿ ಎತ್ತಿಟ್ಟಿದ್ದರು, ಪುಣ್ಯಾತ್ಗಿತ್ತಿ!

ನನಗೆ ಗೊತ್ತೇ ಇರಲಿಲ್ಲ: ಅಂಗವೈಕಲ್ಯದ ಪರ್ಸೆಂಟೇ ಬೇರೆ, ದುಡಿಮೆ ಎಷ್ಟು ಕಡಿಮೆಯಾಯಿತು ಅನ್ನೋದೇ ಬೇರೆ. ಸುಪ್ರೀಂ ಕೋರ್ಟ್ 2010ರಲ್ಲೇ ಹೀಗೆ ಹೇಳಿದೆ. ಅಣ್ಣ ಟೈಲರ್. ಕತ್ತರಿ ಹಿಡಿದ ಹತ್ತು ನಿಮಿಷಕ್ಕೆ ಭುಜ ಸೆಟೆದುಕೊಳ್ಳುತ್ತೆ. ಜಡ್ಜ್ ಇದರಿಂದ ದುಡಿಮೆ ಕಡಿಮೆಯಾದದ್ದನ್ನೇ ಜಾಸ್ತಿ ಲೆಕ್ಕಕ್ಕೆ ತೆಗೆದುಕೊಂಡರು.